ಗಂಟಲ ನೋವು, ಹೃದಯಕ್ಕೆ ಏಟು: ದೇಹ ತನ್ನ ಮೇಲೆ ತಾನೇ ಹೋರಾಡಿದಾಗ

ಗದ್ದೆಯಲ್ಲಿ ಕಳೆ ಕೀಳುವವರಿಗೆ ಈ ಸಂಗತಿ ಗೊತ್ತು. ನೇಜಿಯ ನಡುವೆ ನೇಜಿಯಂತೆಯೇ ಕಾಣುವ ಒಂದು ಬಗೆಯ ಹುಲ್ಲು ಬೆಳೆಯುತ್ತದೆ. ಬಣ್ಣ, ಎತ್ತರ, ಎಲೆಯ ಆಕಾರ ಎಲ್ಲವೂ ಹೆಚ್ಚುಕಡಿಮೆ ಒಂದೇ ತೆರ. ಅಭ್ಯಾಸವಿಲ್ಲದ ಕೈ ಹುಲ್ಲೆಂದುಕೊಂಡು ಒಳ್ಳೆಯ ಪೈರನ್ನೂ ಕಿತ್ತುಹಾಕುತ್ತದೆ. ನಮ್ಮ ದೇಹದೊಳಗೂ ಇಂತಹ ತಪ್ಪು ನಡೆಯುವುದುಂಟು. ಇದರಿಂದ ಬರುವ ಕಾಯಿಲೆಗಳ ಬಗ್ಗೆ, ಅದರಲ್ಲೂ ಮಕ್ಕಳ ಹೃದಯವನ್ನು ಹಾಳುಮಾಡುವ ಒಂದು ಕಾಯಿಲೆಯ ಬಗ್ಗೆ, ಈ ಸಲ ತಿಳಿದುಕೊಳ್ಳೋಣ.

ರೋಗಾಣುಗಳಿಂದ ನಮ್ಮನ್ನು ಕಾಯುವುದು ರೋಗನಿರೋಧಕ ವ್ಯವಸ್ಥೆ. ರಕ್ತದಲ್ಲಿರುವ ಬಿಳಿ ಕಣಗಳು ಇದರ ಕಾವಲುಗಾರರು. ಹೊರಗಿನಿಂದ ಬಂದ ರೋಗಾಣುವಿನ ಮೈಮೇಲಿನ ಗುರುತನ್ನು ಇವು ಪತ್ತೆಹಚ್ಚುತ್ತವೆ. ಆ ಗುರುತಿಗೆ ಸರಿಯಾಗಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸಿ ಅದನ್ನು ನಾಶಮಾಡುತ್ತವೆ. ಆದರೆ ತನ್ನವರು ಯಾರು, ಹೊರಗಿನವರು ಯಾರು ಎಂಬುದು ಕಾವಲುಗಾರನಿಗೆ ಮೊದಲು ತಿಳಿದಿರಬೇಕಲ್ಲವೇ? ಎದೆಮೂಳೆಯ ಹಿಂದೆ ಇರುವ ಥೈಮಸ್ ಎಂಬ ಗ್ರಂಥಿಯಲ್ಲಿ ಬಿಳಿ ಕಣಗಳ ಒಂದು ವರ್ಗಕ್ಕೆ ಇದರ ಪರೀಕ್ಷೆ ನಡೆಯುತ್ತದೆ. ಸ್ವಂತ ದೇಹದ ಮೇಲೆಯೇ ಏರಿಹೋಗುವ ಕಣಗಳು ಅಲ್ಲಿಯೇ ನಾಶವಾಗುತ್ತವೆ. ಕಣ್ತಪ್ಪಿಸಿ ಹೊರಬಂದ ಕೆಲವನ್ನು ಹಿಡಿತದಲ್ಲಿಡಲು ಬೇರೆ ಕಣಗಳಿವೆ. ಈ ಎರಡನೆಯ ಕಾವಲನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೋನ್ ಸಕಾಗುಚಿ ಅವರಿಗೆ, 2025ರ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಎರಡೂ ಕಾವಲು ತಪ್ಪಿದಾಗ ದೇಹ ತನ್ನ ಅಂಗಾಂಗಗಳನ್ನೇ ಶತ್ರುವೆಂದು ತಿಳಿಯುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳು ಹೀಗೆ ನಾಶವಾದರೆ ಚಿಕ್ಕ ಮಕ್ಕಳಲ್ಲೂ ಸಕ್ಕರೆ ಕಾಯಿಲೆ ಬರುತ್ತದೆ. ಕೀಲುಗಳ ಒಳಪದರದ ಮೇಲೆ ದಾಳಿಯಾದರೆ ಕೈಬೆರಳುಗಳು ಊದಿಕೊಂಡು, ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗದ ಸಂಧಿವಾತ ಬರುತ್ತದೆ. ಇದು ಹೆಂಗಸರಲ್ಲಿ ಹೆಚ್ಚು. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ನಾಶವಾದರೆ ತೊನ್ನು. ಅದು ಕುಷ್ಠವಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ.

ಇವುಗಳಲ್ಲಿ ಹೆಚ್ಚಿನವನ್ನು ತಡೆಯುವ ದಾರಿ ಇನ್ನೂ ಸಿಕ್ಕಿಲ್ಲ. ಆದರೆ ಒಂದನ್ನು ಮಾತ್ರ ಖಂಡಿತ ತಡೆಯಬಹುದು. ಅದು ರುಮ್ಯಾಟಿಕ್ ಜ್ವರ.

ಇದು ಶುರುವಾಗುವುದು ಸಾಮಾನ್ಯ ಗಂಟಲ ನೋವಿನಿಂದ. ಗಂಟಲ ನೋವುಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬಂದು ತಾವಾಗಿಯೇ ಹೋಗುತ್ತವೆ. ಕೆಲವು ಮಾತ್ರ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತವೆ. ಈ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಒಂದು ಪ್ರೋಟೀನು ನಮ್ಮ ಹೃದಯದಲ್ಲಿರುವ ಪ್ರೋಟೀನನ್ನು ಹೋಲುತ್ತದೆ. ನೇಜಿ ಮತ್ತು ಹುಲ್ಲಿನ ಕಥೆ ಇಲ್ಲಿಯೇ ಬರುವುದು. ಬ್ಯಾಕ್ಟೀರಿಯಾದ ಮೇಲೆ ಹೊರಟ ಸೈನ್ಯ ಹೃದಯದ ಕವಾಟ, ಕೀಲು ಮತ್ತು ಕೆಲವೊಮ್ಮೆ ಮಿದುಳಿನ ಮೇಲೂ ಬೀಳುತ್ತದೆ. ಗಂಟಲ ನೋವು ವಾಸಿಯಾಗಿ, ಮನೆಯವರು ಅದನ್ನು ಮರೆತು ಎರಡು ಮೂರು ವಾರಗಳ ಮೇಲೆ ಇದು ನಡೆಯುತ್ತದೆ.

5ರಿಂದ 15 ವರ್ಷದೊಳಗಿನ ಮಕ್ಕಳಿಗೆ ಇದರ ಅಪಾಯ ಹೆಚ್ಚು. ಜ್ವರ ಬರುತ್ತದೆ. ಇಂದು ಮೊಣಕಾಲು, ನಾಳೆ ಪಾದದ ಗಂಟು, ನಾಡಿದ್ದು ಮೊಣಕೈ ಎಂಬಂತೆ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ. ಕೆಲವು ಮಕ್ಕಳ ಕೈ, ಮುಖ ತಮ್ಮಷ್ಟಕ್ಕೇ ಅದುರುತ್ತವೆ. ಅಕ್ಷರ ಕೆಡುತ್ತದೆ, ಕೈಯಲ್ಲಿದ್ದ ಲೋಟ ಬೀಳುತ್ತದೆ. ಅದನ್ನು ಚೇಷ್ಟೆ ಎಂದು ಗದರಿಸಬೇಡಿ. ಕೀಲುಗಳ ನೋವು ಕೆಲವು ವಾರಗಳಲ್ಲಿ ಗುರುತಿಲ್ಲದೆ ಮಾಯವಾಗುತ್ತದೆ. ಹೃದಯದ ಗಾಯ ಹಾಗಲ್ಲ. ಮತ್ತೆ ಮತ್ತೆ ಗಂಟಲು ಕೆಟ್ಟಾಗ ಮತ್ತೆ ಮತ್ತೆ ದಾಳಿಯಾಗಿ, ಕವಾಟ ದಪ್ಪಗಾಗಿ ಸರಿಯಾಗಿ ತೆರೆಯದೆ, ಮುಚ್ಚದೆ ಹೋಗುತ್ತದೆ. ಗುಡ್ಡ ಹತ್ತುವಾಗ ಉಬ್ಬಸ, ರಾತ್ರಿ ಮಲಗಿದರೆ ಉಸಿರುಗಟ್ಟುವುದು, ಕಾಲು ಬಾವು, ಇವೆಲ್ಲ ಆಮೇಲೆ ಬರುವ ಲಕ್ಷಣಗಳು. ಜಗತ್ತಿನಲ್ಲಿ 4 ಕೋಟಿಗೂ ಹೆಚ್ಚು ಜನ ಈ ಹೃದ್ರೋಗದಿಂದ ಬಳಲುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ನಮ್ಮಂತಹ ದೇಶಗಳವರು.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದಾಗಿ, ಗಂಟಲ ನೋವನ್ನು ಗಮನಿಸಿ. ಮೂಗು ಸೋರುತ್ತಾ ಕೆಮ್ಮು ಇದ್ದರೆ ಅದು ಬಹುತೇಕ ಸಾಧಾರಣ ಶೀತ. ಕೆಮ್ಮಿಲ್ಲದೆ ಒಮ್ಮೆಲೇ ಜ್ವರ ಬಂದು, ಎಂಜಲು ನುಂಗಲೂ ಕಷ್ಟವಾಗಿ, ಕುತ್ತಿಗೆಯ ಗ್ರಂಥಿ ಊದಿಕೊಂಡು ನೋಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಕರಿಮೆಣಸಿನ ಕಷಾಯ ಗಂಟಲಿಗೆ ಹಿತ. ಆದರೆ ಈ ಬ್ಯಾಕ್ಟೀರಿಯಾವನ್ನು ಕೊಲ್ಲಲು ಪೆನಿಸಿಲಿನ್ ಜಾತಿಯ ಔಷಧಿಯೇ ಬೇಕು. ನೋವು ಶುರುವಾದ 9 ದಿನಗಳೊಳಗೆ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. 10 ದಿನಗಳ ಮಾತ್ರೆ ಕೊಟ್ಟಿದ್ದರೆ ಮೂರನೆಯ ದಿನ ಗುಣವಾಯಿತೆಂದು ನಿಲ್ಲಿಸಬಾರದು.

ಎರಡನೆಯದಾಗಿ, ಒಮ್ಮೆ ಈ ಜ್ವರ ಬಂದ ಮಗುವಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಬೆಂಜಾಥಿನ್ ಪೆನಿಸಿಲಿನ್ ಚುಚ್ಚುಮದ್ದು ಬೇಕಾಗುತ್ತದೆ. ಹೃದಯಕ್ಕೆ ತಾಗದಿದ್ದರೆ ಕನಿಷ್ಠ 5 ವರ್ಷ, ತಾಗಿದ್ದರೆ 10 ವರ್ಷ ಅಥವಾ ಅದಕ್ಕೂ ಹೆಚ್ಚು. ಪೆನಿಸಿಲಿನ್ ಒಗ್ಗದವರಿಗೆ ಬೇರೆ ಔಷಧಿ ಇದೆ. ಮಗು ಆಟವಾಡುತ್ತಿದೆ, ಶಾಲೆಗೆ ಹೋಗುತ್ತಿದೆ, ಇನ್ನೇಕೆ ಚುಚ್ಚುಮದ್ದು ಎಂದು ಅನ್ನಿಸುವುದು ಸಹಜ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ದಿನ ತಪ್ಪಿಹೋಗುವುದೂ ಸಹಜ. ಗೋಡೆಯ ಕ್ಯಾಲೆಂಡರಿನಲ್ಲಿ ಚುಚ್ಚುಮದ್ದಿನ ದಿನಕ್ಕೆ ಮೊದಲೇ ಗುರುತು ಹಾಕಿಡಿ. ಅಡಿಕೆಗೆ ಮಹಾಳಿ ರೋಗ ಬರುವ ಮೊದಲೇ ಬೋರ್ಡೊ ದ್ರಾವಣ ಸಿಂಪಡಿಸುವವರು ನಾವು. ಈ ಚುಚ್ಚುಮದ್ದೂ ಹಾಗೆಯೇ: ರೋಗ ಕಾಣದಿರುವಾಗಲೇ ಅದರ ಕೆಲಸ.

ಮೂರನೆಯದಾಗಿ, ಹೆಣ್ಣುಮಕ್ಕಳ ಕಾಯಿಲೆಯನ್ನು ಮುಚ್ಚಿಡಬೇಡಿ. ಮದುವೆ ತಪ್ಪೀತೆಂದು ಸುಮ್ಮನಿರುವ ಮನೆಗಳಿವೆ. ಬಸಿರಿನಲ್ಲಿ ದೇಹದ ರಕ್ತದ ಪ್ರಮಾಣ ಹೆಚ್ಚುತ್ತದೆ, ಕೆಟ್ಟ ಕವಾಟಕ್ಕೆ ಆ ಭಾರ ತಡೆಯದು. ಮೊದಲೇ ಎಕೋ ಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆದರೆ ಅನೇಕ ಹೆಣ್ಣುಮಕ್ಕಳು ಸುಖವಾಗಿ ಹೆರಬಹುದು. ತಿಳಿಸದಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯ.

ಕೊನೆಗೊಂದು ಎಚ್ಚರಿಕೆ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂದು ಪುಡಿ, ಟಾನಿಕ್ ಮಾರುವವರು ಊರೂರಿಗೆ ಬರುತ್ತಾರೆ. ಇಲ್ಲಿ ಶಕ್ತಿ ಕಡಿಮೆಯಾಗಿ ರೋಗ ಬಂದದ್ದಲ್ಲ, ಶಕ್ತಿ ದಾರಿತಪ್ಪಿ ಬಂದದ್ದು. ದಾರಿತಪ್ಪಿದ ಎತ್ತಿಗೆ ಹಿಂಡಿ ಹೆಚ್ಚು ಹಾಕಿದರೆ ಅದು ಸರಿದಾರಿಗೆ ಬಂದೀತೇ? ಆ ಹಣವನ್ನು ಚುಚ್ಚುಮದ್ದಿಗೂ ಬಸ್ಸಿನ ಖರ್ಚಿಗೂ ಎತ್ತಿಡಿ. ನಿಮ್ಮ ನೆರೆಮನೆಯಲ್ಲಿ ಕೀಲು ನೋವೆಂದು ಅಳುವ ಮಗುವಿದ್ದರೆ, "ಮೊನ್ನೆ ಗಂಟಲು ನೋವಿತ್ತೇ?" ಎಂದು ಆ ತಾಯಿಯನ್ನು ಕೇಳಿ. ಆ ಒಂದು ಪ್ರಶ್ನೆಯಿಂದ ಒಂದು ಹೃದಯ ಉಳಿಯಬಹುದು.