ಡಬ್ಬಿಯೊಳಗಿನ ನಿದ್ದೆ

ರಾತ್ರಿ ಒಂಬತ್ತರ ಚರ್ಚೆ ಮುಗಿಸಿ ಮನೆ ಸೇರುವಾಗ ಹನ್ನೊಂದೂವರೆ. ಊಟ ಆಯ್ತು, ದೀಪ ಆರಿತು, ನಿದ್ದೆ ಮಾತ್ರ ಬರಲ್ಲ. ಸ್ಟುಡಿಯೋದ ಜಗಳ ತಲೆಯೊಳಗೆ ಮರುಪ್ರಸಾರ ಆಗ್ತಾನೇ ಇರುತ್ತೆ. ಗೆಳೆಯರೊಬ್ಬರು ಒಂದು ಡಬ್ಬಿ ತಂದುಕೊಟ್ಟರು: ಎಲ್-ಟ್ರಿಪ್ಟೊಫಾನ್. "ಇದು ಔಷಧಿ ಅಲ್ಲ ಸಾರ್, ಅಮೈನೋ ಆಮ್ಲ. ಹಾಲಲ್ಲಿ ಇರೋದೇ. ನಿದ್ದೆನೂ ಬರುತ್ತೆ, ಟೆನ್ಷನ್ನೂ ಹೋಗುತ್ತೆ" ಅಂದರು.

ಅದರಲ್ಲಿ ಅರ್ಧ ನಿಜ. ಹಾಲು, ಮೊಟ್ಟೆ, ಕಡಲೆಕಾಯಿ, ಬೇಳೆ ಎಲ್ಲದರಲ್ಲೂ ಟ್ರಿಪ್ಟೊಫಾನ್ ಇದೆ. ಮೆದುಳು ಅದರಿಂದ ಸಿರೋಟೋನಿನ್ ತಯಾರಿಸುತ್ತದೆ. ಕತ್ತಲಾದ ಮೇಲೆ ಸಿರೋಟೋನಿನ್‌ನಿಂದ ಮೆಲಟೋನಿನ್ ಹುಟ್ಟುತ್ತದೆ. 'ರಾತ್ರಿಯಾಯ್ತು, ಮಲಗು' ಎಂದು ದೇಹಕ್ಕೆ ಹೇಳುವ ಹಾರ್ಮೋನ್ ಅದೇ. ಹಾಗಾದರೆ ಹೆಚ್ಚು ನುಂಗಿದರೆ ಹೆಚ್ಚು ನಿದ್ದೆ ಅಲ್ವಾ? ಅಷ್ಟು ಸಲೀಸಲ್ಲ. ದಿನಕ್ಕೆ 1 ಗ್ರಾಂ ಅಥವಾ ಹೆಚ್ಚು ತೆಗೆದುಕೊಂಡವರಿಗೆ ನಡುರಾತ್ರಿ ಎಚ್ಚರವಾಗಿರುವ ಹೊತ್ತು ತುಸು ಕಡಿಮೆಯಾಗಿದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಆತಂಕದ ವಿಷಯದಲ್ಲಿ ಪುರಾವೆ ಇನ್ನೂ ತೆಳು.

ಇನ್ನು 'ಔಷಧಿ ಅಲ್ಲ' ಅನ್ನೋ ಧೈರ್ಯ. 1989ರಲ್ಲಿ ಅಮೆರಿಕದಲ್ಲಿ ಇದೇ ಟ್ರಿಪ್ಟೊಫಾನ್ ನುಂಗಿದ 1,500ಕ್ಕೂ ಹೆಚ್ಚು ಜನ ವಿಪರೀತ ಸ್ನಾಯುನೋವಿನಿಂದ ನರಳಿದರು. 30ಕ್ಕೂ ಹೆಚ್ಚು ಮಂದಿ ಸತ್ತರು. ತನಿಖೆ ಜಪಾನಿನ ಒಂದೇ ತಯಾರಕರ ಸರಕಿನತ್ತ ಬೊಟ್ಟು ಮಾಡಿತು. ಅದರಲ್ಲಿ ಕಲ್ಮಶಗಳು ಸಿಕ್ಕವು. ಅಂಗಡಿಗಳಿಂದ ಮಾತ್ರೆ ವಾಪಸ್ ಹೋಯಿತು. ಮತ್ತೆ ಮಾರುಕಟ್ಟೆಗೆ ಬಂದದ್ದು ಎಷ್ಟೋ ವರ್ಷಗಳ ನಂತರ.

ನನ್ನದೂ ಒಂದು ಗುಟ್ಟಿದೆ, ಇವತ್ತು ಹೇಳಿಬಿಡ್ತೀನಿ. ಎರಡು ತಿಂಗಳಿಂದ ನಾನು ಆತಂಕಕ್ಕೆ ಮಾತ್ರೆ ತಗೊಳ್ತಿದ್ದೆ. ಟಿವಿಯಲ್ಲಿ ಗಟ್ಟಿಯಾಗಿ ಮಾತಾಡುವವನಿಗೂ ಆತಂಕವಾ ಅಂತ ನಗ್ತಾರೆ ಎಂದು ಗೆಳೆಯರಿಗೂ ಹೇಳಿರಲಿಲ್ಲ. ಡಬ್ಬಿ ನೋಡಿದ ವೈದ್ಯರು ಕೇಳಿದ್ದು ಒಂದೇ: "ಶುರು ಮಾಡಿದ್ರಾ?" ಇಲ್ಲ ಅಂದೆ. ನಿಟ್ಟುಸಿರು ಬಿಟ್ಟರು. ನನ್ನ ಮಾತ್ರೆಯೂ ಸಿರೋಟೋನಿನ್ ಹೆಚ್ಚಿಸುವಂಥದ್ದೇ. ಎರಡೂ ಸೇರಿದರೆ ಅದು ಮಿತಿಮೀರಿ ನಡುಕ, ಬೆವರು, ಎದೆಬಡಿತ, ಗೊಂದಲ ಬರಬಹುದು, ಜೀವಕ್ಕೇ ಕುತ್ತಾಗಬಹುದು.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ತಿರುಗಿಸಿ ನೋಡಿ. 'ಔಷಧೀಯ ಬಳಕೆಗಲ್ಲ' ಎಂಬ ಅರ್ಥದ ಸಾಲು ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಮುದ್ರಿಸಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯೂ ಇದೆ. ಡಬ್ಬಿ ತೆರೆಯುವ ಮುಂಚೆ ವೈದ್ಯರ ಹತ್ತಿರ ಬಾಯಿ ತೆರೆಯಿರಿ. ನುಂಗುವ ಮಾತ್ರೆಗಳಲ್ಲಿ ಒಂದನ್ನೂ ಮುಚ್ಚಿಡಬೇಡಿ. ನಾನು ಮುಚ್ಚಿಟ್ಟಿದ್ದೆ, ಅದಕ್ಕೇ ಹೇಳ್ತಿದ್ದೀನಿ.