ಮನೆಗಳಲ್ಲಿ ಜಿರಲೆಯ ಕಾಟವೂ ಅದರ ನಿವಾರಣೋಪಾಯಗಳೂ

ಬೆಳೆಗೆ ತಗಲುವ ಹುಳುಗಳ ವಿಷಯದಲ್ಲಿ ರೈತರು ವಹಿಸುವ ಜಾಗರೂಕತೆಯನ್ನು ಮನೆಯೊಳಗಿನ ಹುಳುಗಳ ವಿಷಯದಲ್ಲಿ ವಹಿಸುವುದು ಅಪರೂಪ. ಜಿರಲೆಯು ಮೋರಿ, ಕಕ್ಕಸುಗಳಲ್ಲಿ ಹರಿದಾಡಿ, ಅದೇ ಕಾಲುಗಳಿಂದ ಅನ್ನದ ಪಾತ್ರೆಗಳ ಮೇಲೆ ಓಡಾಡುವುದರಿಂದ ಭೇದಿ ಮೊದಲಾದ ರೋಗಗಳ ಕ್ರಿಮಿಗಳನ್ನು ಆಹಾರಕ್ಕೆ ಸೇರಿಸಬಲ್ಲದು. ಇದರ ಹಿಕ್ಕೆಯೂ ಕಳಚಿದ ಪೊರೆಯೂ ಧೂಳಿನೊಡನೆ ಬೆರೆತು ಕೆಲವರಿಗೆ, ಮುಖ್ಯವಾಗಿ ಮಕ್ಕಳಿಗೆ, ಉಬ್ಬಸವನ್ನು ಕೆರಳಿಸುತ್ತವೆ. ಹಿಟ್ಟು, ಬೆಲ್ಲಗಳನ್ನು ಕೆಡಿಸುವುದಲ್ಲದೆ, ಲೆಕ್ಕದ ಪುಸ್ತಕಗಳನ್ನೂ ಜಮೀನಿನ ಕಾಗದಪತ್ರಗಳನ್ನೂ ಇದು ಕೆರೆದು ಹಾಳುಮಾಡುತ್ತದೆ.

ಜಾತಿಗಳು ಮತ್ತು ಜೀವನಕ್ರಮ.— ಮನೆಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳು ಕಾಣಬರುತ್ತವೆ. ದೊಡ್ಡ ಜಾತಿಯು ಕೆಂಗಂದು ಬಣ್ಣದ್ದು; ಸುಮಾರು ೧½ ಅಂಗುಲ ಉದ್ದವಿರುತ್ತದೆ. ಇದರ ಹೆಣ್ಣು ಅಲಸಂದೆ ಕಾಳಿನಂತಹ ಕೋಶವನ್ನು ಸಂದುಗಳಲ್ಲಿ ಅಂಟಿಸುತ್ತದೆ. ಒಂದು ಕೋಶದಲ್ಲಿ ಸುಮಾರು ೧೬ ಮೊಟ್ಟೆಗಳಿದ್ದು, ಅವು ಒಡೆಯಲು ೬ ರಿಂದ ೮ ವಾರಗಳು ಹಿಡಿಯುತ್ತವೆ. ಚಿಕ್ಕ ಜಾತಿಯು ಅರ್ಧ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಉದ್ದವಿದ್ದು, ಕತ್ತಿನ ಮೇಲೆ ಎರಡು ಕಪ್ಪು ಗೆರೆಗಳನ್ನು ಹೊಂದಿರುತ್ತದೆ. ಇದರ ಕೋಶದಲ್ಲಿ ೩೦ ರಿಂದ ೪೦ ಮೊಟ್ಟೆಗಳಿರುವುದರಿಂದ ಇದು ಬಹು ಬೇಗನೆ ಹೆಚ್ಚುತ್ತದೆ. ಎರಡೂ ಜಾತಿಗಳು ಹಗಲು ಸಂದುಗಳಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತವೆ. ಆಹಾರವಿಲ್ಲದೆ ಅನೇಕ ದಿನ ಬದುಕಬಲ್ಲ ಇವು ನೀರಿಲ್ಲದೆ ಅಷ್ಟು ಕಾಲ ಬಾಳಲಾರವು.

ನಿವಾರಣೋಪಾಯಗಳು.—

(೧) ರಾತ್ರಿ ಎಂಜಲು ಪಾತ್ರೆಗಳನ್ನು ತೊಳೆದಿಟ್ಟು, ಒಲೆಯ ಸುತ್ತ ಗುಡಿಸಿ, ಬಚ್ಚಲಿನಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳತಕ್ಕದ್ದು. ನೀರಿನ ಪಾತ್ರೆಗಳನ್ನೂ ಹಿಟ್ಟಿನ ಡಬ್ಬಗಳನ್ನೂ ಬಿಗಿಯಾಗಿ ಮುಚ್ಚಿಡಬೇಕು.

(೨) ಗೋಡೆಯ ಬಿರುಕುಗಳನ್ನು ಜೇಡಿಮಣ್ಣಿನಿಂದಾಗಲಿ ಗಾರೆಯಿಂದಾಗಲಿ ಮೆತ್ತಬೇಕು. ಹಳೆಯ ಗೋಣಿಚೀಲಗಳನ್ನೂ ಸೌದೆಯನ್ನೂ ಅಡುಗೆಮನೆಯಲ್ಲಿ ರಾಶಿ ಹಾಕಕೂಡದು. ಕೋಶಗಳು ಸಿಕ್ಕಿದಲ್ಲಿ ಸುಡಬೇಕು.

(೩) ಅಗಲ ಬಾಯಿಯ ಜಾಡಿಯಲ್ಲಿ ಕಳಿತ ಬಾಳೆಹಣ್ಣನ್ನಿಟ್ಟು, ಕತ್ತಿನ ಒಳಭಾಗಕ್ಕೆ ಎಣ್ಣೆ ಸವರಿ, ಹೊರಭಾಗಕ್ಕೆ ಬಟ್ಟೆ ಸುತ್ತಿ ರಾತ್ರಿ ಇಡಬೇಕು. ಒಳಗಿಳಿದ ಜಿರಲೆಗಳು ಮೇಲಕ್ಕೆ ಹತ್ತಲಾರವು. ಬೆಳಿಗ್ಗೆ ಬಿಸಿ ಸಾಬೂನು ನೀರು ಹೊಯ್ದು ಕೊಲ್ಲಬಹುದು.

(೪) ಬೋರಿಕ್ ಪುಡಿ ೧ ಭಾಗ, ಗೋದಿಹಿಟ್ಟು ೧ ಭಾಗ, ಸಕ್ಕರೆ ಅರ್ಧ ಭಾಗ, ಇವುಗಳನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಕಡಲೆಗಾತ್ರದ ಗುಳಿಗೆಗಳನ್ನು ಮಾಡಿ ಸಂದುಗಳಲ್ಲಿಡಬೇಕು. ಬರಿಯ ಪುಡಿಯನ್ನು ಒಣಗಿದ ಬಿರುಕುಗಳಲ್ಲಿ ತೆಳ್ಳಗೆ ಉದುರಿಸಬಹುದು. ರಾಶಿ ಹಾಕಿದರೆ ಜಿರಲೆಗಳು ಅದನ್ನು ಬಳಸಿಕೊಂಡು ಹೋಗುತ್ತವೆ. ಫಲ ತೋರಲು ಕೆಲವು ದಿನಗಳು ಹಿಡಿಯುವುದರಿಂದ ಬೇಸರಪಡಬಾರದು. ಔಷಧವು ಕೋಶದೊಳಗಿನ ಮೊಟ್ಟೆಗಳನ್ನು ಮುಟ್ಟದು. ಆದುದರಿಂದ ಮರಿಗಳು ಹೊರಬರುವ ಕಾಲವನ್ನು ನೋಡಿ, ಎರಡು ತಿಂಗಳುಗಳವರೆಗೆ ಆಗಾಗ್ಗೆ ಹೊಸ ಗುಳಿಗೆಗಳನ್ನಿಡಬೇಕು.

ಎಚ್ಚರಿಕೆ.— ಬೋರಿಕ್ ಪುಡಿಯು ನೋಡಲು ಹಿಟ್ಟಿನಂತೆಯೇ ಇರುತ್ತದೆ. ಹೊಟ್ಟೆಗೆ ಸೇರಿದರೆ ಮಕ್ಕಳಿಗೂ ದನಕರುಗಳಿಗೂ ಅಪಾಯಕರ. ಇದನ್ನು ಹೆಸರು ಬರೆದ ಬೇರೆ ಡಬ್ಬದಲ್ಲಿ ಕೈಗೆಟುಕದಂತೆ ಇಡತಕ್ಕದ್ದು. ಅಡುಗೆಯ ಪಾತ್ರೆಗಳಲ್ಲಿ ಕಲಸಕೂಡದು. ಹೊಲದ ಬೆಳೆಗೆಂದು ತಂದ ಔಷಧವನ್ನು ಯಾವ ಕಾರಣಕ್ಕೂ ಮನೆಯೊಳಗೆ ಸಿಂಪಡಿಸಕೂಡದು. ಅದರ ವಿಷವು ಗೋಡೆಯಲ್ಲಿಯೂ ಧಾನ್ಯದಲ್ಲಿಯೂ ಉಳಿದು ಮನೆಯವರ ಪ್ರಾಣಕ್ಕೇ ಸಂಚಕಾರ ತರಬಹುದು. ಬರಿಯ ವಿಷವನ್ನೇ ನಂಬುವುದೂ ಸರಿಯಲ್ಲ. ೧೯೫೦ರ ದಶಕದಲ್ಲಿಯೇ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಚಿಕ್ಕ ಜಾತಿಯ ಜಿರಲೆಗಳು ಕ್ಲೋರ್ಡೇನ್ ಎಂಬ ಔಷಧಕ್ಕೆ ಜಗ್ಗದಂತಾದುವು.

ಒಂದು ಮನೆಯವರು ಮಾತ್ರ ಶ್ರಮಿಸಿದರೆ ನೆರೆಮನೆಯ ಮೋರಿಯಿಂದ ಜಿರಲೆಗಳು ಪುನಃ ಬಂದು ಸೇರುತ್ತವೆ. ಆದುದರಿಂದ ಗ್ರಾಮದ ಮುಖಂಡರು ಒಂದು ಬೀದಿಯ ಮನೆಗಳವರೆಲ್ಲರೂ ಒಂದೇ ವಾರದಲ್ಲಿ ಮೋರಿಗಳನ್ನು ಶುದ್ಧಿಮಾಡಿ ಮೇಲ್ಕಂಡ ಕ್ರಮಗಳನ್ನು ಅನುಸರಿಸುವಂತೆ ಏರ್ಪಡಿಸಿದರೆ, ಖರ್ಚು ಕಡಮೆಯಾಗಿ ಫಲವು ನಿಶ್ಚಯವಾಗಿ ದೊರೆಯುವುದು.