ಹಳೆಯ ಸಣ್ಣ ಕಾರು: ಗ್ಯಾರೇಜಿನ ಮಾತು, ಇಂಜಿನ್ನಿನ ಸತ್ಯ

ಚಳಿಗಾಲದ ಬೆಳಗ್ಗೆ ತುಮಕೂರಿನಿಂದ ಹೊರಟರೆ ದಾಬಸ್‌ಪೇಟೆ ಬಂದರೂ ನನ್ನ ಆಲ್ಟೊದ ಟೆಂಪರೇಚರ್ ಮುಳ್ಳು ಬುಡ ಬಿಟ್ಟು ಮೇಲೇಳುತ್ತಿರಲಿಲ್ಲ. 2008ರ ಗಾಡಿ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಇಂಜಿನ್ ತಣ್ಣಗಿದೆಯಲ್ಲ, ಒಳ್ಳೆಯದೇ ಆಯಿತು ಎಂದುಕೊಂಡು ನಾನೂ ಸುಮ್ಮನಿದ್ದೆ. ಮೈಲೇಜ್ ಮಾತ್ರ ಲೀಟರಿಗೆ 13 ದಾಟುತ್ತಿರಲಿಲ್ಲ. ಒಂದು ಭಾನುವಾರ ರೇಡಿಯೇಟರಿನ ಮೇಲಿನ ಹೋಸ್ ಬಿಚ್ಚಿ, ಅದರ ಹಿಂದಿನ ಬೋಲ್ಟ್ ತೆಗೆದು ನೋಡಿದರೆ ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ.

ಮೊದಲಿನ ಮಾಲೀಕರಿಗೆ ಫೋನ್ ಮಾಡಿದೆ. "ಅದನ್ನ ಗ್ಯಾರೇಜಿನವರೇ ತೆಗೆದುಹಾಕಿದ್ರು ಸಾರ್. ನಮ್ಮ ಬಿಸಿಲಿಗೆ ಅದು ಬೇಡ, ಅದೆಲ್ಲ ಚಳಿ ದೇಶದ ಗಾಡಿಗೆ, ಇದ್ದರೆ ಹೀಟ್ ಆಗುತ್ತೆ ಅಂದ್ರು" ಎಂದರು. ಅವರ ತಪ್ಪಲ್ಲ. ನಮ್ಮಲ್ಲಿ ಹೀಗೆ ಹೇಳುವ ಗ್ಯಾರೇಜುಗಳು ಊರಿಗೆ ನಾಲ್ಕಿವೆ. ಆದರೆ ಹಳೆಯ ಸಣ್ಣ ಕಾರುಗಳು ವಯಸ್ಸಾಗಿ ಕೆಟ್ಟದ್ದಕ್ಕಿಂತ ಇಂಥ ಮಾತು ನಂಬಿ ಕೆಟ್ಟದ್ದೇ ಹೆಚ್ಚು ಎಂಬುದು, ಮನೆಯ ಮುಂದೆ ಬಾನೆಟ್ ಎತ್ತಿಕೊಂಡು ಕಳೆದ ಇಷ್ಟು ಭಾನುವಾರಗಳಲ್ಲಿ ನಾನು ಕಂಡದ್ದು.

ಥರ್ಮೋಸ್ಟಾಟ್ ಎಂದರೆ ಕೂಲೆಂಟ್ ಹರಿಯುವ ದಾರಿಯಲ್ಲಿರುವ ಪುಟ್ಟ ಬಾಗಿಲು. ಇಂಜಿನ್ ತಣ್ಣಗಿರುವಾಗ ಅದು ಮುಚ್ಚಿರುತ್ತದೆ, ಕೂಲೆಂಟ್ ರೇಡಿಯೇಟರಿಗೆ ಹೋಗದೆ ಇಂಜಿನ್ನಿನೊಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ಹದಕ್ಕೆ ಬಂದ ಮೇಲೆ ಬಾಗಿಲು ತೆರೆಯುತ್ತದೆ. ತೆಗೆದುಹಾಕಿದರೆ ಕೂಲೆಂಟ್ ಸದಾ ರೇಡಿಯೇಟರಿಗೇ ಹರಿಯುತ್ತದೆ, ಇಂಜಿನ್ ಹದಕ್ಕೆ ಬರುವುದೇ ಇಲ್ಲ. ಎಂಪಿಎಫ್‌ಐ ಇಂಜಿನ್ನಿನ ಕಂಪ್ಯೂಟರು 'ಗಾಡಿ ಇನ್ನೂ ತಣ್ಣಗಿದೆ' ಎಂದುಕೊಂಡು ಪೆಟ್ರೋಲನ್ನು ಹೆಚ್ಚು ಬಿಡುತ್ತಲೇ ಇರುತ್ತದೆ. ಸುಡದೆ ಉಳಿದ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ, ಆಯಿಲಿಗೆ ಸೇರಿದ ತೇವ ಆರಿಹೋಗುವುದಿಲ್ಲ. ಹೀಟ್ ಆಗುವ ಗಾಡಿಗೆ ಕಾರಣ ಬೇರೆಯೇ ಇರುತ್ತದೆ: ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್, ಸೋರುವ ವಾಟರ್ ಪಂಪ್, ಇಲ್ಲವೇ ತೆರೆಯದೆ ಸಿಕ್ಕಿಕೊಂಡ ಥರ್ಮೋಸ್ಟಾಟೇ. ಸಿಕ್ಕಿಕೊಂಡಿದ್ದರೆ ಹೊಸದನ್ನು ಹಾಕಬೇಕು, ಜಾಗ ಖಾಲಿ ಬಿಡುವುದಲ್ಲ.

ಹೊಸದನ್ನು ಕೂರಿಸುವ ಮೊದಲು ಅಡುಗೆಮನೆಯಲ್ಲೇ ಪರೀಕ್ಷಿಸಿದೆ. ಅಡುಗೆಗೆ ಬಳಸದ ಒಂದು ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟಿಗೆ ದಾರ ಕಟ್ಟಿ ತಳ ತಾಗದಂತೆ ಇಳಿಬಿಟ್ಟೆ. ಅದರ ಮೇಲೆ 82 ಎಂದು ಕೊರೆದಿತ್ತು, ಅಂದರೆ 82 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯತೊಡಗುವುದು. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಏಳುವವರೆಗೂ ಅದರ ಮುಚ್ಚಳ ಕದಲಲಿಲ್ಲ. ಆಮೇಲೆ ಸುತ್ತಲೂ ಕೂದಲೆಳೆಯಷ್ಟು ಸಂದು ಕಾಣಿಸಿತು. ನೀರು ಮರಳುವ ಹೊತ್ತಿಗೆ ಪೆನ್ಸಿಲ್ ತೂರುವಷ್ಟು ಬಾಯಿ ಬಿಟ್ಟಿತ್ತು. ಒಲೆ ಆರಿಸಿದೆ, ತಣಿಯುತ್ತಾ ತಣಿಯುತ್ತಾ ತಾನಾಗಿ ಮುಚ್ಚಿಕೊಂಡಿತು. ಒಳಗಿರುವುದು ಒಂದಿಷ್ಟು ಮೇಣ, ಅಷ್ಟೇ. ಬಿಸಿಗೆ ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ, ತಣಿದರೆ ಕುಗ್ಗುತ್ತದೆ. ಕರೆಂಟಿಲ್ಲ, ವೈರಿಲ್ಲ. ಕೂರಿಸಿದ ಮೇಲೆ ದಾಬಸ್‌ಪೇಟೆಗೆ ಬಹಳ ಮುಂಚೆಯೇ ಮುಳ್ಳು ನಡುವಿಗೆ ಬಂದು ನಿಂತಿತು, ಮೈಲೇಜ್ ಕೂಡ ಚೇತರಿಸಿಕೊಂಡಿತು.

ಇದರ ಜೊತೆಗಾರ ಮಾತು ಇನ್ನೊಂದಿದೆ: "ಕೂಲೆಂಟ್ ಅಂದ್ರೆ ಬಣ್ಣದ ನೀರು, ನಲ್ಲಿ ನೀರು ಹಾಕಿ ಸಾಕು." ಕೂಲೆಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಸಣ್ಣ ಕಾರಿನ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು, ಅದನ್ನು ಬರೀ ನೀರು ಒಳಗೊಳಗೇ ತಿನ್ನುತ್ತದೆ. ನಮ್ಮ ತುಮಕೂರು, ಕೋಲಾರದ ಕಡೆಯ ಬೋರ್‌ವೆಲ್ ನೀರಂತೂ ಪಾತ್ರೆಯ ತಳದಲ್ಲಿ ಬಿಳಿ ಗಾರೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಗಾರೆ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ. ಗ್ಲೈಕಾಲ್ ಮತ್ತು ನೀರು ಸಮಪಾಲು ಬೆರೆತರೆ ಕುದಿಯುವ ಬಿಂದು ನೀರಿಗಿಂತ ಆರೇಳು ಡಿಗ್ರಿ ಮೇಲಕ್ಕೆ ಹೋಗುತ್ತದೆ, ರೇಡಿಯೇಟರ್ ಮುಚ್ಚಳದ ಒತ್ತಡವೂ ಸೇರಿದಾಗ 120 ಡಿಗ್ರಿ ದಾಟುತ್ತದೆ. ಇದೇ ಕಾರಣಕ್ಕೆ ಬಿಸಿ ಗಾಡಿಯ ಮುಚ್ಚಳ ತೆರೆಯಬಾರದು. ಒತ್ತಡ ಇಳಿದ ಕ್ಷಣವೇ ಒಳಗಿನ ದ್ರವ ಹಬೆಯಾಗಿ ಮುಖಕ್ಕೆ ಹಾರುತ್ತದೆ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ, ಇಂಜಿನ್ ತಣಿದ ಮೇಲೆ, ನೀರು ಹಾಕಿ ಮನೆ ಸೇರಿಕೊಳ್ಳಬಹುದು. ಸೇರಿದ ಮೇಲೆ ಅದನ್ನು ಬಸಿದು ಕೂಲೆಂಟ್ ತುಂಬಿಸಿ. ಬಸಿದದ್ದನ್ನು ಬಚ್ಚಲಿಗೋ ಅಂಗಳಕ್ಕೋ ಬಿಡಬೇಡಿ. ಅದರಲ್ಲಿ ಉಳಿದ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಇಂಥ ನಂಬಿಕೆಗಳೆಲ್ಲ ಹುಟ್ಟಿನಿಂದಲೇ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಮಾರುತಿ 800 ಮೊದಲ ಗಿರಾಕಿಯ ಕೈ ಸೇರಿದ್ದು 1983ರ ಡಿಸೆಂಬರ್ 14ರಂದು, ಅದರ ತಯಾರಿ ನಿಂತದ್ದು 2014ರ ಜನವರಿ 18ರಂದು. ಈ 30 ವರ್ಷಗಳ ನಡುವೆ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು, ಬಾನೆಟ್ ಕೆಳಗೆ ಕಂಪ್ಯೂಟರ್ ಕೂತಿತು. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಕೈಗೆ ಹತ್ತಿದ ಪಾಠಗಳು ಮಾತ್ರ ಬದಲಾಗಲಿಲ್ಲ. ಬೆಳಗ್ಗೆ ಹತ್ತು ನಿಮಿಷ ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಚೋಕ್ ಎಳೆಯುತ್ತಿದ್ದ ಕಾಲದ ಅಭ್ಯಾಸ. ಈಗ ಅರ್ಧ ನಿಮಿಷ ಸಾಕು, ಆಮೇಲೆ ಮೊದಲ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಓಡಿಸಿದರೆ ಇಂಜಿನ್ ನಿಂತು ಕಾಯುವುದಕ್ಕಿಂತ ಬೇಗ ಬಿಸಿಯಾಗುತ್ತದೆ.

ಬ್ಯಾಟರಿಯದೂ ಇದೇ ಕಥೆ. "ಇಂಜಿನ್ ಓಡ್ತಿರುವಾಗ ಬ್ಯಾಟರಿ ಕೇಬಲ್ ತೆಗೆದು ನೋಡಿ, ಆಫ್ ಆಗದಿದ್ದರೆ ಆಲ್ಟರ್ನೇಟರ್ ಚೆನ್ನಾಗಿದೆ." ಡೈನಮೋ ಕಾಲದಲ್ಲಿ ಇದು ನಡೆಯುತ್ತಿತ್ತು. ಇವತ್ತಿನ ಗಾಡಿಯಲ್ಲಿ ಬ್ಯಾಟರಿ ಕಳಚಿದ ಕೂಡಲೇ ವೋಲ್ಟೇಜ್ ಏಕಾಏಕಿ ಚಿಮ್ಮಿ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರು, ಸುಟ್ಟುಹೋಗಬಹುದು. ಹಳೆಯ ಕಾರಿಗೆ ಇಸಿಯು ಹಾಕಿಸುವ ದುಡ್ಡಿನ ಮುಂದೆ ಮಲ್ಟಿಮೀಟರಿನ ಬೆಲೆ ಏನೂ ಅಲ್ಲ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಇಂಜಿನ್ ಓಡುವಾಗ 13.8ರಿಂದ 14.5ರ ನಡುವೆ. ಇಷ್ಟಿದ್ದರೆ ಆಲ್ಟರ್ನೇಟರ್ ಸರಿಯಿದೆ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್ ತೆಗೆಯಿರಿ, ಕೂರಿಸುವಾಗ ಅದನ್ನೇ ಕೊನೆಗೆ ಹಾಕಿ. ಟರ್ಮಿನಲ್ ಮೇಲೆ ಬೂಷ್ಟಿನಂತೆ ಕಟ್ಟಿದ ಬಿಳಿ ಪುಡಿಗೆ ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾ ಸಾಕು.

"ಹಳೇ ಇಂಜಿನ್ನಿಗೆ ದಪ್ಪ ಆಯಿಲ್ ಹಾಕಿ, ಸದ್ದು ಕಡಿಮೆಯಾಗುತ್ತೆ." ಸದ್ದು ಕಡಿಮೆಯಾಗುವುದು ನಿಜ, ಸವೆತ ಕಡಿಮೆಯಾಗುವುದಿಲ್ಲ. ಡಬ್ಬಿಯ ಮೇಲಿನ 10ಡಬ್ಲ್ಯು-30ರಂಥ ಗುರುತಿನಲ್ಲಿ ಮೊದಲ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸರಾಗ ಎಂಬುದನ್ನೂ, ಎರಡನೆಯದು 100 ಡಿಗ್ರಿಯಲ್ಲಿ ಎಷ್ಟು ಮಂದ ಎಂಬುದನ್ನೂ ಹೇಳುತ್ತದೆ. ಇಂಜಿನ್ ಹೆಚ್ಚು ಸವೆಯುವುದು ಬೆಳಗ್ಗೆ ಸೆಲ್ಫ್ ಹೊಡೆದ ಮೊದಲ ಕೆಲವು ಕ್ಷಣಗಳಲ್ಲಿ. ಆಗ ದಪ್ಪ ಆಯಿಲ್ ಮೇಲಕ್ಕೆ ಏರುವುದು ತಡವಾಗುತ್ತದೆ. ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಇರುವ ಗ್ರೇಡೇ ನಿಮ್ಮ ಗ್ರೇಡು. ನೀಲಿ ಹೊಗೆ ಬರುತ್ತಿದ್ದರೆ ಕಾರಣ ಹುಡುಕಿಸಬೇಕು, ದಪ್ಪ ಆಯಿಲಿನಿಂದ ಮುಚ್ಚಿಡಬಾರದು. ಆಯಿಲ್ ಕಪ್ಪಾದರೆ ಕೆಟ್ಟಿತು ಎನ್ನುವುದೂ ಸರಿಯಲ್ಲ. ಕೊಳೆಯನ್ನು ಹಿಡಿದು ತನ್ನಲ್ಲಿ ತೇಲಿಸಿಕೊಂಡಿರುವುದು ಅದರ ಕೆಲಸ, ಹಾಗೆ ಮಾಡಿದ್ದಕ್ಕೇ ಕಪ್ಪಾಗುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಗಾಬರಿಯಾಗಬೇಕಾದದ್ದು ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ. ಕೂಲೆಂಟ್ ಆಯಿಲಿಗೆ ಸೇರಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಇನ್ನು ಘಾಟಿಯ ಮಾತು. ಇದರಲ್ಲಿ ಜೀವದ ಪ್ರಶ್ನೆಯಿದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಂದು ಓದಿದವರೂ ನಂಬಿದ್ದಾರೆ. ಎಂಪಿಎಫ್‌ಐ ಗಾಡಿ ಗೇರಿನಲ್ಲಿದ್ದು, ಆಕ್ಸಿಲರೇಟರ್ ಬಿಟ್ಟು ಇಳಿಯುತ್ತಿದ್ದರೆ ಇಂಜೆಕ್ಟರುಗಳು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದಾಗಲೇ ಇಂಜಿನ್ ಆರದಂತೆ ಪೆಟ್ರೋಲ್ ಸುಡಬೇಕಾಗುವುದು. ಜೊತೆಗೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. "ಬ್ರೇಕ್ ಆಯಿಲ್ ಬದಲಿಸೋದೇನೂ ಬೇಡ, ಕಡಿಮೆಯಾದರೆ ಟಾಪ್ ಅಪ್ ಮಾಡಿ" ಎಂಬ ಇನ್ನೊಂದು ನಂಬಿಕೆ ಇಲ್ಲಿ ಬಂದು ಕೂಡಿಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುವಂಥದ್ದು. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದೆಂಬುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಒತ್ತಿ ಒತ್ತಿ ಬ್ರೇಕ್ ಕಾದು ಆಯಿಲ್ ಕುದಿದರೆ ಕೊಳವೆಯಲ್ಲಿ ಹಬೆ ತುಂಬುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಮಟ್ಟ ಇಳಿದಿದ್ದರೆ ತುಂಬಿಸುವ ಮುಂಚೆ ಪ್ಯಾಡ್ ಸವೆದಿದೆಯೋ ಎಲ್ಲಾದರೂ ಸೋರುತ್ತಿದೆಯೋ ನೋಡಿಸಿ. ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದರು. ಗ್ಯಾರೇಜಿನ ಎಷ್ಟೋ ಮಾತು ಸುಳ್ಳಾದರೂ ಇದೊಂದು ಇಂದಿಗೂ ನಿಜ.

ಟೈರಿನ ಗೆರೆ ಆಳವಾಗಿದ್ದರೆ ಟೈರ್ ಗಟ್ಟಿ ಎಂದುಕೊಳ್ಳುವುದು ಕಡಿಮೆ ಓಡುವ ಹಳೆಯ ಕಾರಿಗೆ ಅಪಾಯ. ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ಗೆರೆ ಎಷ್ಟೇ ಇರಲಿ, ಬದಲಿಸಿ.

ಈಗ ಎಲ್ಲರೂ ಕೇಳುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿನ ಬಗ್ಗೆ. ಏನೂ ಆಗುವುದಿಲ್ಲ ಎನ್ನುವವರೂ, ಒಂದೇ ವರ್ಷಕ್ಕೆ ಇಂಜಿನ್ ಹೋಗುತ್ತದೆ ಎನ್ನುವವರೂ ಇಬ್ಬರೂ ಅತಿಗೆ ಹೋಗಿದ್ದಾರೆ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿಯಿದೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಹಳೆಯ ಗಾಡಿಯಲ್ಲಿ ಪೆಟ್ಟು ಬೀಳುವುದು ರಬ್ಬರ್ ಪೈಪು, ವಾಷರುಗಳಿಗೆ. ಆರು ತಿಂಗಳಿಗೊಮ್ಮೆ ಪೆಟ್ರೋಲ್ ಹೋಸನ್ನು ಬೆರಳಲ್ಲಿ ಒತ್ತಿ ನೋಡಿ. ಉಬ್ಬಿದ್ದರೆ, ಬಿರುಕಿದ್ದರೆ, ವಾಸನೆ ಬರುತ್ತಿದ್ದರೆ ತಡಮಾಡದೆ ಹಾಕಿಸಿ.

"15 ವರ್ಷ ಆಯ್ತಲ್ಲ, ಇನ್ನು ಗುಜರಿಗೇ" ಎಂದು ನನಗೂ ಹಲವರು ಹೇಳಿದರು. ಅದು ದೆಹಲಿಯ ಸುದ್ದಿ ನಮ್ಮೂರಿಗೆ ಬಂದು ಹುಟ್ಟಿದ ಭಯ. ಕರ್ನಾಟಕದಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿದರೆ, ಆರ್‌ಟಿಒದಲ್ಲಿ ಗಾಡಿ ತೋರಿಸಿ, ತೆರಿಗೆ ಕಟ್ಟಿ, ಇನ್ನೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅಗ್ಗವಂತೂ ಅಲ್ಲ: 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು.

ಕೊನೆಗೆ, ವಿಡಿಯೋ ನೋಡಿ ಕೈಹಾಕುವವರು ನಂಬಿರುವ ಒಂದು ಮಾತು: "ಸಣ್ಣ ಕಾರು, ಜಾಕಿ ತಡೆಯುತ್ತೆ." ಆಯಿಲ್ ಫಿಲ್ಟರ್ ಬಿಚ್ಚಲು ಜಾಕಿ ಏರಿಸಿ ಅಂಗಾತ ಮಲಗಿ ಒಳಗೆ ನುಸುಳುವುದನ್ನು ನನ್ನ ಬೀದಿಯಲ್ಲೇ ನೋಡಿದ್ದೇನೆ. ಆಲ್ಟೊ ಸಣ್ಣದೆಂದರೂ 700 ಕಿಲೋಗಿಂತ ಹೆಚ್ಚು ಭಾರ. ಕಾರಿನ ಜೊತೆ ಬರುವ ಜಾಕಿ ಸ್ಟೆಪ್ನಿ ಬದಲಿಸುವುದಕ್ಕೆ ಮಾತ್ರ, ಸ್ಪ್ಯಾನರ್ ಎಳೆದಾಗಿನ ಒಂದು ಜಗ್ಗಿಗೆ ಅದು ಜಾರುತ್ತದೆ. ಸಿಮೆಂಟ್ ಇಟ್ಟಿಗೆಯನ್ನು ಆಸರೆಗಿಡುವುದೂ ಬೇಡ, ಅದು ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಸಮತಟ್ಟಾದ ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಲ್ಲು, ಎರಡೂ ಬದಿಗೆ ಕಬ್ಬಿಣದ ಜಾಕ್ ಸ್ಟ್ಯಾಂಡ್, ಇಷ್ಟಿಲ್ಲದೆ ಕಾರಿನ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ತರುವವರೆಗೆ ಆ ಕೆಲಸ ಹಾಗೇ ಇರಲಿ, ಇಲ್ಲವೇ ಗ್ಯಾರೇಜಿಗೆ ಕೊಡಿ.